ಎದುರಾಳಿಯನ್ನು ನೋಡಿ ಪಡೆ ಕಟ್ಟಿ: ವೆಸ್ನಾತ್ ಮಲ್ಟಿಪ್ಲೇಯರ್ ಆಡುವವರಿಗೆ

ಧಾರವಾಡದ ಸಪ್ತಾಪುರದ ಪಿಜಿಗಳಲ್ಲಿ, ಹುಬ್ಬಳ್ಳಿ ವಿದ್ಯಾನಗರದ ರೂಮುಗಳಲ್ಲಿ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂರುವ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪಿನಲ್ಲಿ ನಾಲ್ಕು ಜನ ಸೇರಿ ಆಡಬಹುದಾದ ಒಳ್ಳೆ ಸ್ಟ್ರಾಟಜಿ ಆಟ ಯಾವುದು? ನನ್ನ ಉತ್ತರ ಯಾವಾಗಲೂ ಬ್ಯಾಟಲ್ ಫಾರ್ ವೆಸ್ನಾತ್. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ ಆಟ ಇದು. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಆರು ಮೂಲೆಯ ಮನೆಗಳ ನಕ್ಷೆ, ಒಬ್ಬರಾದ ಮೇಲೆ ಒಬ್ಬರ ಟರ್ನ್, ಎಲ್ಫ್, ಡ್ವಾರ್ಫ್, ಅಸ್ಥಿಪಂಜರ, ಡ್ರೇಕ್ ಎಲ್ಲ ಇರುವ ಲೋಕ.

ಆಟ ಕಲಿಯುವುದು ಸುಲಭ. ಆದರೆ ಮಲ್ಟಿಪ್ಲೇಯರ್‌ಗೆ ಬಂದವರು ಮೊದಲ ಕೆಲವು ಆಟ ಸೋತು ಬೇಜಾರಾಗುತ್ತಾರೆ. ಬಹಳಷ್ಟು ಸಲ ಕಾರಣ ಒಂದೇ. ಕ್ಯಾಂಪೇನ್‌ನಲ್ಲಿ, ಅಂದರೆ ಒಬ್ಬರೇ ಆಡುವ ಕಥೆಯ ಆಟದಲ್ಲಿ, ಯಾವುದೋ ಒಂದು ಯುನಿಟ್ (ಪಡೆಯ ಒಬ್ಬ ಸೈನಿಕ) ಚೆನ್ನಾಗಿ ಕೆಲಸ ಮಾಡಿರುತ್ತದೆ. ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಎದುರಿಗೆ ಯಾರೇ ಬರಲಿ, ಅದನ್ನೇ ಐದಾರು ರಿಕ್ರೂಟ್ ಮಾಡಿಬಿಡುತ್ತಾರೆ, ಅಂದರೆ ಗೋಲ್ಡ್ ಕೊಟ್ಟು ಪಡೆಗೆ ತಂದುಬಿಡುತ್ತಾರೆ. ಆದರೆ ಈ ಆಟದಲ್ಲಿ ಎಲ್ಲರಿಗೂ ಒಗ್ಗುವ ಪಡೆ ಅಂತ ಒಂದಿಲ್ಲ. ಮೊದಲ ರಿಕ್ರೂಟ್ ನಿಮ್ಮ ಅಂದಾಜಿನ ಮೇಲೆ ಮಾಡಿ, ಆಮೇಲಿನ ಒಂದೊಂದು ಯುನಿಟ್ಟನ್ನೂ ಎದುರಾಳಿ ತಂದಿದ್ದನ್ನು ನೋಡಿ ತನ್ನಿ. ಈ ಲೇಖನ ಪೂರ್ತಿ ಅದನ್ನು ಹೇಗೆ ಮಾಡುವುದು ಅಂತ ಹೇಳುವುದಕ್ಕೇ ಇದೆ.

ಮೊದಲು ಆಟ ಕೂಡಿಸಿ

ಇಂಟರ್ನೆಟ್ ಇಲ್ಲದೆಯೂ ಆಡಬಹುದು. ಒಂದೇ ಲ್ಯಾಪ್‌ಟಾಪ್ ಇದ್ದರೆ ಲೋಕಲ್ ಗೇಮ್ ಆರಿಸಿ, ಟರ್ನ್ ಮುಗಿದಾಗ ಲ್ಯಾಪ್‌ಟಾಪ್ ಆ ಕಡೆ ತಿರುಗಿಸಿದರೆ ಆಯಿತು. ಎರಡು ಮೂರು ಲ್ಯಾಪ್‌ಟಾಪ್ ಇದ್ದರೆ ಒಬ್ಬರ ಫೋನ್ ಹಾಟ್‌ಸ್ಪಾಟ್‌ಗೆ ಎಲ್ಲರೂ ಸೇರಿಕೊಳ್ಳಿ. ಒಬ್ಬರು ಮಲ್ಟಿಪ್ಲೇಯರ್ ಮೆನುವಿನಲ್ಲಿ ಆಟ ಹೋಸ್ಟ್ ಮಾಡಲಿ, ಉಳಿದವರು ಅವರ ಐಪಿ ವಿಳಾಸ ಹಾಕಿ ಸೇರಲಿ. ಸೇರಲು ಆಗದಿದ್ದರೆ ಹೋಸ್ಟ್ ಮಾಡಿದವರ ಫೈರ್‌ವಾಲ್ ನೋಡಿ. ವೆಸ್ನಾತ್ 15000 ಪೋರ್ಟ್ ಬಳಸುತ್ತದೆ, ಅದಕ್ಕೆ ಅನುಮತಿ ಬೇಕು. ಎಲ್ಲರ ಬಳಿಯೂ ಆಟದ ಒಂದೇ ಆವೃತ್ತಿ ಇರಲಿ.

ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬಂದ್ ಆದರೂ ಗಾಬರಿ ಬೇಡ. ಆಟ ಪ್ರತಿ ಟರ್ನ್‌ಗೂ ತಾನೇ ಸೇವ್ ಆಗುತ್ತದೆ. ಹೋಸ್ಟ್ ಆ ಸೇವ್ ತೆರೆದರೆ ಅಲ್ಲಿಂದಲೇ ಮುಂದುವರಿಯಬಹುದು.

ಗೋಲ್ಡ್ ಲೆಕ್ಕ ಬಾಯಿಪಾಠ ಆಗಲಿ

ಪಡೆ ಅಂದರೆ ಕೊನೆಗೂ ಗೋಲ್ಡ್ ಅಲ್ವಾ? ಆದ್ದರಿಂದ ಇದನ್ನು ಮೊದಲು ತಿಳಿದುಕೊಳ್ಳಿ. ಪ್ರತಿ ಟರ್ನ್‌ಗೆ ನಿಮಗೆ ಮೂಲ ಆದಾಯ 2 ಗೋಲ್ಡ್. ಹಿಡಿದ ಒಂದೊಂದು ಹಳ್ಳಿಗೂ ಸಾಮಾನ್ಯವಾಗಿ 2 ಗೋಲ್ಡ್. ಖರ್ಚಿನ ಕಡೆ, ಪ್ರತಿ ಯುನಿಟ್ ತನ್ನ ಲೆವೆಲ್‌ನಷ್ಟು ಗೋಲ್ಡ್ ತಿನ್ನುತ್ತದೆ. ಆದರೆ ನಿಮ್ಮ ಹತ್ತಿರ ಎಷ್ಟು ಹಳ್ಳಿ ಇವೆಯೋ ಅಷ್ಟು ಲೆವೆಲ್ ಮಾಫಿ. ನಾಯಕನಿಗೆ ಖರ್ಚಿಲ್ಲ.

ಆರು ಹಳ್ಳಿ, ಲೆವೆಲ್ 1ರ ಎಂಟು ಯುನಿಟ್ ಇವೆ ಅಂತಿಟ್ಟುಕೊಳ್ಳಿ. ಆದಾಯ 2 ಮತ್ತು 12, ಒಟ್ಟು 14. ಎಂಟರಲ್ಲಿ ಆರು ಮಾಫಿ, ಉಳಿದ 2 ಕಳೆಯಿರಿ. ಕೈಗೆ ಸಿಗುವುದು 12. ಒಬ್ಬ ಸ್ಪಿಯರ್‌ಮ್ಯಾನ್ (ಈಟಿ ಹಿಡಿದ ಸೈನಿಕ) ತರಲು 14 ಬೇಕು. ಅಂದರೆ ನೀವು ಕಳೆದುಕೊಳ್ಳುವ ಒಬ್ಬೊಬ್ಬ ಸ್ಪಿಯರ್‌ಮ್ಯಾನ್ ನಿಮ್ಮ ಒಂದು ಟರ್ನ್‌ನ ಸಂಪಾದನೆಗಿಂತ ಜಾಸ್ತಿ. ಇದು ತಲೆಗೆ ಹೋದರೆ ಸುಮ್ನೆ ಒಬ್ಬನನ್ನು ಮುಂದೆ ಓಡಿಸಿ ಸಾಯಿಸುವ ಚಟ ತಾನಾಗಿ ನಿಲ್ಲುತ್ತದೆ.

ಬೆಲೆ, ಏಟು, ಜೀವದ (ಹಿಟ್ ಪಾಯಿಂಟ್) ಅಂಕಿಗಳು ಆವೃತ್ತಿಯಿಂದ ಆವೃತ್ತಿಗೆ ಒಂದೆರಡು ಹೆಚ್ಚುಕಡಿಮೆ ಆಗುತ್ತಿರುತ್ತವೆ. ಆಟದೊಳಗೆ ಎಫ್1 ಒತ್ತಿದರೆ ಸಹಾಯ ತೆರೆಯುತ್ತದೆ, ನಿಮ್ಮ ಆವೃತ್ತಿಯ ಅಂಕಿ ಅಲ್ಲಿ ನೋಡಿಕೊಳ್ಳಿ.

ಮೊದಲ ರಿಕ್ರೂಟ್: ಎಲ್ಲದರಲ್ಲೂ ಸ್ವಲ್ಪ

ವೆಸ್ನಾತ್‌ನ ಡೀಫಾಲ್ಟ್ ಎರಾದಲ್ಲಿ, ಅಂದರೆ ಆಟ ತಾನಾಗಿ ಕೊಡುವ ಬಣಗಳ ಗುಂಪಿನಲ್ಲಿ, ಆರು ಬಣಗಳು: ಲಾಯಲಿಸ್ಟ್, ರೆಬೆಲ್, ನಾರ್ದನರ್, ಅನ್‌ಡೆಡ್, ನಾಲ್ಗನ್, ಡ್ರೇಕ್. ಹೊಸಬರಿಗೆ ಲಾಯಲಿಸ್ಟ್ ಒಳ್ಳೆಯದು. ಅವರಲ್ಲಿ ಎಲ್ಲ ಬಗೆಯ ಯುನಿಟ್ ಇವೆ, ಎದುರಾಳಿ ಏನು ತಂದರೂ ಉತ್ತರ ಕೊಡಲು ದಾರಿ ಇರುತ್ತದೆ. ಮುಂದಿನ ಉದಾಹರಣೆಗಳನ್ನೆಲ್ಲ ಅವರಿಂದಲೇ ಕೊಡುತ್ತೇನೆ.

100 ಗೋಲ್ಡ್‌ನಿಂದ ಆಟ ಶುರು ಅಂದುಕೊಳ್ಳೋಣ. ಎದುರಾಳಿಯ ಬಣ ಗೊತ್ತಿಲ್ಲ. ಇಬ್ಬರು ಸ್ಪಿಯರ್‌ಮ್ಯಾನ್‌ಗೆ 28. ಹಳ್ಳಿ ಹಿಡಿಯಲು, ಮುಂದೆ ಹೋಗಿ ನೋಡಿ ಬರಲು ಒಂದು ಕ್ಯಾವಲ್ರಿ, 17. ಒಬ್ಬ ಮೇಜ್, ಅಂದರೆ ಮಂತ್ರವಾದಿ, 20. ನಕ್ಷೆಯಲ್ಲಿ ನೀರು ಇದ್ದರೆ ಒಬ್ಬ ಮರ್ಮನ್, 14. ಒಟ್ಟು 79 ಆಯಿತು. ಉಳಿದ 21ನ್ನು ಮುಟ್ಟಬೇಡಿ.

ಎರಡನೇ ಟರ್ನ್‌ಗೆ ಆ 21 ಇಳಿದು 18 ಆಗುತ್ತದೆ. ಹೊಸಬರು ಇಲ್ಲಿ ಗಲಿಬಿಲಿ ಆಗುತ್ತಾರೆ. ಹಳ್ಳಿ ಇನ್ನೂ ಒಂದೂ ಇಲ್ಲ, ಐದು ಯುನಿಟ್ ಐದು ಗೋಲ್ಡ್ ತಿಂದವು, ಬಂದಿದ್ದು ಎರಡೇ. ಎರಡನೇ ಟರ್ನ್‌ನಲ್ಲಿ ಮೂರು ಹಳ್ಳಿ ಹಿಡಿದರೆ ಮೂರನೆಯದಕ್ಕೆ 6 ಬಂದು 24 ಆಗುತ್ತದೆ. ಮೂರನೇ, ನಾಲ್ಕನೇ ಟರ್ನ್ ಹೊತ್ತಿಗೆ ಕ್ಯಾವಲ್ರಿ ಎದುರಾಳಿಯ ಪಡೆಯನ್ನು ಕಂಡಿರುತ್ತದೆ. ಆಗ ಕೈಯಲ್ಲಿ ಹೆವಿ ಇನ್ಫೆಂಟ್ರಿಗೆ ಬೇಕಾದ 19 ಇರುತ್ತದೆ, ಹಾರ್ಸ್‌ಮನ್‌ಗೆ ಬೇಕಾದ 23 ಕೂಡ ಇರುತ್ತದೆ. ಯಾವುದು ಬೇಕು ಅನ್ನುವುದನ್ನು ಕಂಡ ಮೇಲೆ ತೀರ್ಮಾನಿಸಿ. ಅಲ್ಲಿಯ ತನಕ ನಾಯಕ ಕೀಪ್ (ಕೋಟೆಯಲ್ಲಿ ನಾಯಕ ನಿಲ್ಲುವ ಮನೆ) ಬಿಟ್ಟು ಕದಲದಿರಲಿ, ಅಲ್ಲಿ ನಿಂತಿದ್ದರೆ ಮಾತ್ರ ರಿಕ್ರೂಟ್ ಆಗುತ್ತದೆ.

ಬಹಳ ಗೋಲ್ಡ್ ಉಳಿಸಿ ಕೂರುವುದೂ ಬೇಡ. ಕೈಯಲ್ಲಿರುವ ಗೋಲ್ಡ್ ಹಳ್ಳಿ ಹಿಡಿಯುವುದಿಲ್ಲ, ದಾರಿ ತಡೆಯುವುದಿಲ್ಲ. ಒಂದೇ ಒಂದು ಯುನಿಟ್‌ನಷ್ಟು ತಡೆದಿಟ್ಟರೆ ಸಾಕು.

ಕಣ್ಣಿಟ್ಟು ನೋಡಿ

ಎದುರಾಳಿಯ ಯುನಿಟ್ ಮೇಲೆ ಮೌಸ್ ಇಟ್ಟರೆ ಅದು ಎಲ್ಲಿಯವರೆಗೆ ಬರಬಹುದು ಅಂತ ಕಾಣುತ್ತದೆ. ಕಂಟ್ರೋಲ್ ಮತ್ತು ವಿ ಒಟ್ಟಿಗೆ ಒತ್ತಿದರೆ ಎಲ್ಲ ಶತ್ರು ಯುನಿಟ್‌ಗಳ ಓಡಾಟದ ಜಾಗ ಒಟ್ಟಿಗೇ ತೋರುತ್ತದೆ. ಟರ್ನ್ ಮುಗಿಸುವ ಮೊದಲು ಇದನ್ನು ಒತ್ತಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಎದುರಾಳಿಯ ಹೆಚ್ಚಿನ ಯುನಿಟ್‌ಗಳು ಯಾವ ಏಟಿಗೆ ಮೆತ್ತಗೆ? ಅವು ಹಗಲಿನವೋ ರಾತ್ರಿಯವೋ? ನನ್ನ ಯಾವ ಏಟಿಗೆ ಅವು ತಿರುಗಿ ಹೊಡೆಯಲಾರವು? ಏಟುಗಳಲ್ಲಿ ಆರು ಬಗೆ: ಕತ್ತರಿಸುವುದು, ಚುಚ್ಚುವುದು, ಜಜ್ಜುವುದು, ಬೆಂಕಿ, ಶೀತ, ಆರ್ಕೇನ್ ಅನ್ನುವ ಮಂತ್ರಶಕ್ತಿ. ಹತ್ತಿರದ ಏಟಿಗೆ ಹತ್ತಿರದ ಆಯುಧ ಇದ್ದವರು ಮಾತ್ರ ತಿರುಗಿ ಹೊಡೆಯುತ್ತಾರೆ, ದೂರದ ಏಟಿಗೆ ದೂರದ ಆಯುಧ ಇದ್ದವರು ಮಾತ್ರ. ಮೂರನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಪ್ರಕಾರ ಮೂರರಲ್ಲಿ ಅದೇ ದೊಡ್ಡದು.

ಒಂದು ಕಾದಾಟವನ್ನು ಬಿಡಿಸಿ ನೋಡೋಣ

ಕ್ಯಾವಲ್ರಿ ನೋಡಿ ಬಂತು. ಎದುರಿಗೆ ಅನ್‌ಡೆಡ್. ಮುಂದೆ ಸ್ಕೆಲಿಟನ್‌ಗಳ ಸಾಲು. ನಿಮ್ಮ ಬಳಿ ಇಬ್ಬರು ಸ್ಪಿಯರ್‌ಮ್ಯಾನ್ ಇದ್ದಾರೆ, ಇನ್ನಿಬ್ಬರನ್ನು ತರುವ ಆಸೆ. ತಡೆಯಿರಿ.

ಸ್ಪಿಯರ್‌ಮ್ಯಾನ್‌ನ ಈಟಿ 7ರಂತೆ ಮೂರು ಸಲ ಚುಚ್ಚುತ್ತದೆ. ಸ್ಕೆಲಿಟನ್ ಚುಚ್ಚುವ ಏಟನ್ನು ನೂರಕ್ಕೆ 60ರಷ್ಟು ತಡೆಯುತ್ತದೆ. ಮೂಳೆಗಳ ನಡುವೆ ಈಟಿ ಹಾದು ಹೋಗುತ್ತದೆ ಅನ್ನಿ. ಸಂಜೆಯ ಹೊತ್ತಿನಲ್ಲಿ, ಅಂದರೆ ಹಗಲು ರಾತ್ರಿಯ ಲಾಭ ನಷ್ಟ (ಅದನ್ನು ಮುಂದೆ ಹೇಳುತ್ತೇನೆ) ಯಾರಿಗೂ ಇಲ್ಲದಾಗ, 7 ಇದ್ದದ್ದು 3 ಆಗುತ್ತದೆ. ಬಯಲಿನಲ್ಲಿ ಏಟು ತಗಲುವ ಸಾಧ್ಯತೆ ನೂರಕ್ಕೆ 60. ಮೂರು ಏಟು ಸೇರಿ ಸರಾಸರಿ ಐದೂವರೆ ಜೀವವೂ ಕಳೆಯುವುದಿಲ್ಲ. ಸ್ಕೆಲಿಟನ್‌ನ ಜೀವ 34. ಹೀಗೆ ಹೊಡೆಯುತ್ತಾ ಕೂತರೆ ಬೆಳಗಾಗುತ್ತದೆ.

ಈಗ ಹೆವಿ ಇನ್ಫೆಂಟ್ರಿ ನೋಡಿ. 11ರಂತೆ ಎರಡು ಸಲ ಜಜ್ಜುತ್ತಾನೆ. ಜಜ್ಜುವ ಏಟಿಗೆ ಸ್ಕೆಲಿಟನ್ ನೂರಕ್ಕೆ 20ರಷ್ಟು ಹೆಚ್ಚು ಪೆಟ್ಟು ತಿನ್ನುತ್ತದೆ. 11 ಇದ್ದದ್ದು 13 ಆಗುತ್ತದೆ. ಅದೇ ಬಯಲಿನಲ್ಲಿ ಸರಾಸರಿ ಹದಿನೈದೂವರೆ ಜೀವ ಕಳೆಯುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಬರೀ 5 ಗೋಲ್ಡ್, ಪರಿಣಾಮ ಸುಮಾರು ಮೂರು ಪಟ್ಟು. ಅಲ್ಲದೆ ಸ್ಕೆಲಿಟನ್ ಕೊಡಲಿಯ ಏಟನ್ನು ಇವನು ಅರ್ಧಕ್ಕೆ ಇಳಿಸುತ್ತಾನೆ. ರಾತ್ರಿ ಸ್ಪಿಯರ್‌ಮ್ಯಾನ್‌ಗೆ 9 ತಗಲುವ ಏಟು ಇವನಿಗೆ 4 ತಗಲುತ್ತದೆ.

ಮೇಜ್ ಇನ್ನೂ ಚೆನ್ನಾಗಿ ಹೊಡೆಯುತ್ತಾನೆ. ಅವನ ಬೆಂಕಿ 7ರಂತೆ ಮೂರು ಸಲ. ಸ್ಕೆಲಿಟನ್‌ಗೆ ಬೆಂಕಿಯೂ ಆಗುವುದಿಲ್ಲ, ಏಟು 8 ಆಗುತ್ತದೆ. ಮಂತ್ರದ ಏಟು ಎಲ್ಲೇ ನಿಂತಿದ್ದರೂ ನೂರಕ್ಕೆ 70 ತಗಲುತ್ತದೆ. ಎಲ್ಲಕ್ಕಿಂತ ಮುಖ್ಯ, ಸ್ಕೆಲಿಟನ್ ಬಳಿ ದೂರದ ಆಯುಧವೇ ಇಲ್ಲ, ಆದ್ದರಿಂದ ಮೇಜ್ ಹೊಡೆದರೆ ತಿರುಗಿ ಏಟು ಬರುವುದಿಲ್ಲ. ಆದರೆ ಎದುರಾಳಿಯ ಟರ್ನ್ ಬಂದಾಗ ಏನಾಗುತ್ತದೆ ಅಂತಲೂ ನೋಡಬೇಕು. ಮೇಜ್ ಜೀವ 24. ರಾತ್ರಿ ಸ್ಕೆಲಿಟನ್ 9ರಂತೆ ಮೂರು ಏಟು ಕೊಟ್ಟರೆ 27. ಒಂದೇ ಸ್ಕೆಲಿಟನ್, ಒಂದೇ ದಾಳಿ, ನಿಮ್ಮ 20 ಗೋಲ್ಡ್ ಹೋಯಿತು. ಹಾಗಾಗಿ ಮೇಜ್ ಹೊಡೆದ ಮೇಲೆ ಅವನ ಅಕ್ಕಪಕ್ಕದ ಮನೆಗಳನ್ನು ಹೆವಿ ಇನ್ಫೆಂಟ್ರಿಯಿಂದ ಮುಚ್ಚಿ. ಸ್ಕೆಲಿಟನ್ ಸತ್ತರೆ ಮುಂದಿನ ಮನೆ ಖಾಲಿಯಾಗುತ್ತದೆ, ಅಲ್ಲಿಗೂ ಒಬ್ಬ ಬೇಕು. ದಾಳಿ ಮಾಡುವ ಮೊದಲೇ ಆ ಒಬ್ಬ ಯಾರು ಅಂತ ಗೊತ್ತಿರಬೇಕು.

ಇಲ್ಲಿಗೆ ಗೆದ್ದೆವು ಅಂದುಕೊಳ್ಳಬೇಡಿ. ಎದುರಿಗೆ ಕೂತವನಿಗೂ ಕಣ್ಣಿದೆ. ನಿಮ್ಮ ಹೆವಿ ಇನ್ಫೆಂಟ್ರಿ ಕಂಡ ಕೂಡಲೇ ಒಳ್ಳೆ ಆಟಗಾರ ಸ್ಕೆಲಿಟನ್ ನಿಲ್ಲಿಸಿ ಡಾರ್ಕ್ ಅಡೆಪ್ಟ್ ತರುತ್ತಾನೆ. ಒಬ್ಬನಿಗೆ 16 ಗೋಲ್ಡ್. ಅವನ ಶೀತದ ಮಂತ್ರ 10ರಂತೆ ಎರಡು ಸಲ. ಹೆವಿ ಇನ್ಫೆಂಟ್ರಿಗೆ ಶೀತ ಸ್ವಲ್ಪ ಹೆಚ್ಚೇ ತಾಗುತ್ತದೆ. ರಾತ್ರಿ ಲೆಕ್ಕ ಹಾಕಿದರೆ ಒಂದು ಏಟು 14. ಇಬ್ಬರು ಅಡೆಪ್ಟ್ ಸೇರಿ ಸರಾಸರಿ 39 ಜೀವ ತೆಗೆಯುತ್ತಾರೆ, ನಿಮ್ಮವನ ಜೀವ 38. ತಿರುಗಿ ಹೊಡೆಯೋಣ ಅಂದರೆ ಅವನಿಗೆ ದೂರದ ಆಯುಧ ಇಲ್ಲ. ಓಡೋಣ ಅಂದರೆ ಟರ್ನ್‌ಗೆ ನಾಲ್ಕೇ ಹೆಜ್ಜೆ.

ಈ ಹೊತ್ತಿನಲ್ಲಿ ಇನ್ನೊಬ್ಬ ಹೆವಿ ಇನ್ಫೆಂಟ್ರಿ ತರುವವರು ಸೋಲುತ್ತಾರೆ. ಈಗ ಬೇಕಾದವನು ಹಾರ್ಸ್‌ಮನ್. ಡಾರ್ಕ್ ಅಡೆಪ್ಟ್ ಬಳಿ ಹತ್ತಿರದ ಆಯುಧ ಇಲ್ಲವೇ ಇಲ್ಲ. ಹಾರ್ಸ್‌ಮನ್ ನುಗ್ಗಿ ಹೊಡೆದಾಗ ಅವನ ಏಟೂ ಎರಡು ಪಟ್ಟು, ತಿರುಗಿ ಬರುವ ಏಟೂ ಎರಡು ಪಟ್ಟು. ತಿರುಗಿ ಬರುವುದೇ ಇಲ್ಲದಿದ್ದರೆ? 9 ಇದ್ದದ್ದು 18, ಎರಡೂ ತಗಲಿದರೆ 36. ಅಡೆಪ್ಟ್ ಜೀವ 28. ಬಯಲಿನಲ್ಲಿ ಎರಡೂ ತಗಲುವ ಸಾಧ್ಯತೆ ನೂರಕ್ಕೆ 36, ಒಂದೇ ತಗಲಿದರೆ ಉಳಿದ 10 ಜೀವವನ್ನು ಕ್ಯಾವಲ್ರಿಯೋ ಸ್ಪಿಯರ್‌ಮ್ಯಾನೋ ಮುಗಿಸಬಹುದು. ಹೌದು, ಸ್ಕೆಲಿಟನ್ ಮುಂದೆ ಏನೂ ಅಲ್ಲದ ಸ್ಪಿಯರ್‌ಮ್ಯಾನ್ ಇಲ್ಲಿ ಕೆಲಸಕ್ಕೆ ಬರುತ್ತಾನೆ. ಅದೇ ಹಾರ್ಸ್‌ಮನ್‌ನನ್ನು ಸ್ಕೆಲಿಟನ್ ಮೇಲೆ ಮಾತ್ರ ಬಿಡಬೇಡಿ. ಈಟಿ ತಾಗುವುದಿಲ್ಲ, ಕೊಡಲಿ ಎರಡು ಪಟ್ಟು ತಾಗುತ್ತದೆ.

ಗರಡಿಯಲ್ಲಿ ಪೈಲ್ವಾನ ಎದುರಿನವನ ಹಿಡಿತ ಬದಲಾದ ಕೂಡಲೇ ತನ್ನ ಪಟ್ಟು ಬದಲಿಸುತ್ತಾನಲ್ಲ, ಇಲ್ಲಿಯೂ ಹಾಗೆಯೇ. ಸ್ಕೆಲಿಟನ್‌ಗೆ ಹೆವಿ ಇನ್ಫೆಂಟ್ರಿ, ಅವನಿಗೆ ಅಡೆಪ್ಟ್, ಅಡೆಪ್ಟ್‌ಗೆ ಹಾರ್ಸ್‌ಮನ್. ನೀವು ಯಾವಾಗಲೂ ಅವನ ಈಗಿನ ಪಡೆಯ ಜೊತೆಗೆ ಮುಂದಿನ ರಿಕ್ರೂಟನ್ನೂ ಊಹಿಸುತ್ತಿರಬೇಕು. ಅವನ ಹಳ್ಳಿಗಳನ್ನು ಎಣಿಸಿದರೆ ಅವನ ಕೈಯಲ್ಲಿ ಸುಮಾರು ಎಷ್ಟು ಗೋಲ್ಡ್ ಇದೆ ಅಂತ ಗೊತ್ತಾಗುತ್ತದೆ.

ಹಗಲು ರಾತ್ರಿಯ ಲೆಕ್ಕ

ಆಟದ ಒಂದು ದಿನಕ್ಕೆ ಆರು ಟರ್ನ್: ನಸುಕು, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಆಮೇಲೆ ರಾತ್ರಿಯ ಎರಡು ಜಾವ. ಲಾಫುಲ್ ಯುನಿಟ್‌ಗಳಿಗೆ, ಅಂದರೆ ಸ್ಪಿಯರ್‌ಮ್ಯಾನ್‌ನಂಥ ಹಗಲಿನವರಿಗೆ, ಹಗಲಿನ ಎರಡು ಟರ್ನ್ ನೂರಕ್ಕೆ 25 ಹೆಚ್ಚು ಬಲ, ರಾತ್ರಿಯ ಎರಡು ಟರ್ನ್ ಅಷ್ಟೇ ಕಡಿಮೆ. ಕೇಯಾಟಿಕ್ ಯುನಿಟ್‌ಗಳಿಗೆ, ಅಂದರೆ ಸ್ಕೆಲಿಟನ್‌ನಂಥ ರಾತ್ರಿಯವರಿಗೆ, ತಿರುಗುಮುರುಗು. ನ್ಯೂಟ್ರಲ್‌ಗೆ ಯಾವ ಹೊತ್ತೂ ಒಂದೇ.

ನೂರಕ್ಕೆ 25 ಅಂದರೆ ಸಣ್ಣದು ಅನಿಸುತ್ತದೆ. ಆದರೆ ನಿಮ್ಮದು ಏರುವಾಗ ಅವನದು ಇಳಿಯುತ್ತದೆ. ಸ್ಪಿಯರ್‌ಮ್ಯಾನ್ ಮತ್ತು ನಾರ್ದನರ್ ಬಣದ ಗ್ರಂಟ್ ಎದುರುಬದುರು ನಿಂತಿದ್ದಾರೆ ಅನ್ನಿ. ಗ್ರಂಟ್ ಏಟು 9ರಂತೆ ಎರಡು. ಹಗಲಲ್ಲಿ ನಿಮ್ಮವನದು 9ರಂತೆ ಮೂರು, ಅಂದರೆ ಹೆಚ್ಚೆಂದರೆ 27. ಗ್ರಂಟ್‌ನದು 7ರಂತೆ ಎರಡು, 14. ರಾತ್ರಿ ನಿಮ್ಮವನದು 5ರಂತೆ ಮೂರು, 15. ಗ್ರಂಟ್‌ನದು 11ರಂತೆ ಎರಡು, 22. ಜಾಗ ಅದೇ, ಯುನಿಟ್ ಅವೇ, ಗಡಿಯಾರ ಮಾತ್ರ ಬೇರೆ. ಗ್ರಂಟ್ ಬೆಲೆ ಬರೀ 12, ಹಾಗಾಗಿ ಅವರು ಯಾವಾಗಲೂ ನಿಮಗಿಂತ ಜಾಸ್ತಿ ಜನ ಇರುತ್ತಾರೆ. ಅವರನ್ನು ರಾತ್ರಿ ಬಯಲಲ್ಲಿ ಎದುರಿಸಿದರೆ ಉಳಿಯುವುದು ಕಷ್ಟ.

ನಮ್ಮ ಕಡೆ ಆಡುವಾಗ ಈ ಮಾತು ಪ್ರತಿ ಸಲ ಕೇಳುತ್ತೇನೆ:

"ಲೇ, ಇನ್ನೊಂದ್ ಏಟ್ ಹೊಡದ್ರ ಸಾಯ್ತಾನಲೇ, ಹೊಡಿ!"

"ತಡೀಪಾ, ಮುಂದಿನ ಟರ್ನ್ ಕತ್ತಲಾಗತೈತಿ. ಅಂವಾ ಸತ್ರೂ ನನ್ನ ಮೂರ್ ಮಂದಿ ಅಲ್ಲೇ ಸಿಕ್ಕೊಂಡ್ ಬೀಳ್ತಾರ."

ಎರಡನೆಯವನ ಮಾತೇ ಸರಿ. ಲಾಯಲಿಸ್ಟ್ ಆಡುತ್ತಿದ್ದರೆ ಮಧ್ಯಾಹ್ನದ ಟರ್ನ್‌ನಲ್ಲೇ ಮುಸ್ಸಂಜೆಗೆ ಎಲ್ಲಿ ನಿಲ್ಲುವುದು ಅಂತ ನೋಡಿಡಿ. ಗಾಯಗೊಂಡವರು ಮೊದಲು ಹೊರಡಲಿ. ಹಳ್ಳಿಯಲ್ಲಿ ನಿಂತರೆ ಟರ್ನ್‌ಗೆ 8 ಜೀವ ವಾಪಸ್, ವಿಷ ಏರಿದ್ದರೆ ಆ ಟರ್ನ್ ವಿಷ ಇಳಿಯುತ್ತದೆ. ಕೋಟೆ, ಗುಡ್ಡ, ಹಳ್ಳಿ ಇರುವ ಸಾಲಿಗೆ ಹಿಂದೆ ಸರಿದು ರಾತ್ರಿ ಕಳೆಯಿರಿ. ಎರಡು ಹಳ್ಳಿ ಹೋದರೂ ಪರವಾಗಿಲ್ಲ, ನಸುಕಿನಲ್ಲಿ ಪಡೆ ಪೂರ್ತಿ ಇದ್ದರೆ ಅವನ್ನು ವಾಪಸ್ ಪಡೆಯಬಹುದು. ಹಿಂದೆ ಸರಿಯುವುದನ್ನು ಹೇಡಿತನ ಅಂತ ನೋಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಈ ಆಟದ ಅರ್ಧ ಸೊಗಸು ಚೆನ್ನಾಗಿ ಹಿಂದೆ ಸರಿಯುವುದರಲ್ಲೇ ಇದೆ.

ಉಳಿದ ಬಣಗಳ ಎದುರು

ಡ್ರೇಕ್‌ಗಳು ಹಾರುತ್ತವೆ, ಬೇಗ ಬರುತ್ತವೆ, ನೋಡಲು ಹೆದರಿಕೆ. ಆದರೆ ದೊಡ್ಡ ಮೈ. ಬಯಲಿನಲ್ಲಿ ಅವಕ್ಕೆ ಏಟು ತಗಲುವ ಸಾಧ್ಯತೆ ನೂರಕ್ಕೆ 70. ರಕ್ಷಾಕವಚದ ಕ್ಲ್ಯಾಶರ್ ಬಿಟ್ಟರೆ ಉಳಿದವಕ್ಕೆ ಚುಚ್ಚುವ ಏಟು ಹೆಚ್ಚು ತಾಗುತ್ತದೆ, ಶೀತವಂತೂ ಇನ್ನೂ ಹೆಚ್ಚು. ಇಲ್ಲಿ ಸ್ಪಿಯರ್‌ಮ್ಯಾನ್ ರಾಜ. ಡ್ರೇಕ್ ಬಂದು ಹೊಡೆದರೂ ಈಟಿಯೇ ಮೊದಲು ಚುಚ್ಚುತ್ತದೆ. ಮೇಜ್‌ನ ಬೆಂಕಿ ಡ್ರೇಕ್‌ಗೆ ಅರ್ಧವೇ ತಾಗುತ್ತದೆ, ಅದಕ್ಕೆ ಗೋಲ್ಡ್ ಹಾಕಬೇಡಿ. ಡ್ರೇಕ್ ಹಗಲಿನವು, ಅವರ ಜೊತೆಗಾರ ಸೌರಿಯನ್‌ಗಳು ರಾತ್ರಿಯವು. ಎರಡೂ ಹೊತ್ತಿಗೆ ಅವರಿಗೆ ಉತ್ತರ ಇರುತ್ತದೆ ಅನ್ನುವುದು ನೆನಪಿರಲಿ.

ರೆಬೆಲ್ ಬಣದ ಎಲ್ಫ್‌ಗಳು ಕಾಡಿಗೆ ಹೊಕ್ಕರೆ ನೂರಕ್ಕೆ 60ರಿಂದ 70 ಸಲ ಏಟು ತಪ್ಪಿಸಿಕೊಳ್ಳುತ್ತಾರೆ. ಎಲ್ಫ್‌ಗಳು ನ್ಯೂಟ್ರಲ್, ರಾತ್ರಿ ಕಾಯ್ದು ಪ್ರಯೋಜನ ಇಲ್ಲ. ಕಾಡಿನಿಂದ ಹೊರಗೆ ಬರುವಂತೆ ಮಾಡಿ, ಇಲ್ಲವೇ ಮೇಜ್ ತನ್ನಿ. ಮರದ ಮನುಷ್ಯ ವೋಸ್ ಬಂದರೂ ಮೇಜ್ ಬೇಕು. ವೋಸ್‌ಗೆ ಬೆಂಕಿ ಒಂದೂವರೆ ಪಟ್ಟು ತಾಗುತ್ತದೆ, ದೂರದ ಆಯುಧವೂ ಅದಕ್ಕಿಲ್ಲ.

ನಾಲ್ಗನ್‌ನಲ್ಲಿ ಡ್ವಾರ್ಫ್‌ಗಳು ಬೆಟ್ಟ ಹತ್ತಿದರೆ ನೂರಕ್ಕೆ 70 ತಪ್ಪಿಸಿಕೊಳ್ಳುತ್ತಾರೆ, ಕತ್ತರಿಸುವ, ಚುಚ್ಚುವ, ಜಜ್ಜುವ ಮೂರೂ ಏಟನ್ನು ಒಂದಿಷ್ಟು ತಡೆಯುತ್ತಾರೆ. ಬೆಟ್ಟದ ಮೇಲೆ ಅವರ ಹತ್ತಿರ ಹೋಗಬೇಡಿ. ಅವರು ನಿಧಾನ, ಹಳ್ಳಿ ಹಿಡಿಯುವುದರಲ್ಲಿ ಅವರನ್ನು ಹಿಂದೆ ಹಾಕಿ.

ನಾರ್ದನರ್‌ನ ಟ್ರೋಲ್ ವೆಲ್ಪ್ ಟರ್ನ್‌ಗೆ 8 ಜೀವ ತಾನೇ ತುಂಬಿಕೊಳ್ಳುತ್ತದೆ. ಅದನ್ನು ಹೊಡೆದರೆ ಒಂದೇ ಟರ್ನ್‌ನಲ್ಲಿ ಮುಗಿಸಿ, ಆಗದಿದ್ದರೆ ಮುಟ್ಟಬೇಡಿ.

ಸಾಲು ಹೇಗೆ ನಿಲ್ಲಿಸುವುದು

ಪ್ರತಿ ಯುನಿಟ್ ತನ್ನ ಸುತ್ತಲಿನ ಆರು ಮನೆಗಳ ಮೇಲೆ ಹಿಡಿತ ಇಟ್ಟಿರುತ್ತದೆ. ಶತ್ರು ಅಲ್ಲಿಗೆ ಕಾಲಿಟ್ಟರೆ ಆ ಟರ್ನ್ ಅಲ್ಲೇ ನಿಲ್ಲಬೇಕು. ಇದನ್ನೇ ಆಟದಲ್ಲಿ ಜೋನ್ ಆಫ್ ಕಂಟ್ರೋಲ್ ಅನ್ನುತ್ತಾರೆ. ಆದ್ದರಿಂದ ಇಬ್ಬರ ನಡುವೆ ಎರಡು ಮನೆ ಖಾಲಿ ಬಿಟ್ಟರೂ ಅವನು ಒಂದೇ ಓಟದಲ್ಲಿ ನುಸುಳಿ ಹೋಗಲಾರ. ಲೆವೆಲ್ 0 ಯುನಿಟ್‌ಗಳಿಗೆ ಈ ಹಿಡಿತ ಇಲ್ಲ. ಸ್ಕರ್ಮಿಶರ್ ಗುಣ ಇದ್ದವರಿಗೆ ಇದು ಲೆಕ್ಕಕ್ಕೇ ಇಲ್ಲ.

ಸಮಯ ತಳ್ಳಬೇಕಿದ್ದರೆ ಹೀಗೆ ಬಿಡಿಬಿಡಿಯಾಗಿ ನಿಲ್ಲಿಸಿ. ನಿಜವಾದ ಕಾದಾಟ ಬರುತ್ತದೆ ಅಂದರೆ ಒತ್ತೊತ್ತಾಗಿ ಒಂದು ನೇರ ಸಾಲು ಮಾಡಿ. ಆಗ ಸಾಲಿನ ನಡುವೆ ಇರುವ ಒಬ್ಬೊಬ್ಬನ ಮೇಲೂ ಎದುರಿನಿಂದ ಎರಡು ಮನೆಯಿಂದ ಮಾತ್ರ ದಾಳಿ ಮಾಡಬಹುದು. ಒಂಟಿಯಾಗಿ ಮುಂದೆ ನಿಂತವನ ಮೇಲೆ ನಾಲ್ಕೈದು ಕಡೆಯಿಂದ ಬೀಳುತ್ತಾರೆ. ಸಾಲಿನ ತುದಿಯನ್ನು ನೀರಿಗೋ ಬೆಟ್ಟಕ್ಕೋ ಆನಿಸಿ. ವಾಸಿ ಮಾಡುವ ಯುನಿಟ್ ಇದ್ದರೆ ಅದು ಸಾಲಿನ ಹಿಂದೆ ಇರಲಿ.

ದಾಳಿಯ ಕ್ರಮ

ತಿರುಗಿ ಏಟು ಬಾರದ ದಾಳಿ ಮೊದಲು. ಆಮೇಲೆ ಬಲವಾದವನು. ಕೊನೆಯ ಏಟು ಯಾರು ಕೊಡಬೇಕು ಅನ್ನುವುದನ್ನೂ ಯೋಚಿಸಿ. ಲೆವೆಲ್ 1 ಯುನಿಟ್ಟನ್ನು ಕೊಂದರೆ 8 ಅನುಭವ ಸಿಗುತ್ತದೆ, ಬರೀ ಕಾದಾಡಿದರೆ 1. ಲೆವೆಲ್ ಏರಿದವನ ಜೀವ ಪೂರ್ತಿ ತುಂಬುತ್ತದೆ. ಮೇಜ್ ಲೆವೆಲ್ ಏರಿ ವೈಟ್ ಮೇಜ್ ಆದರೆ ಅಕ್ಕಪಕ್ಕದವರಿಗೆ ಟರ್ನ್‌ಗೆ 8 ಜೀವ ಕೊಡುತ್ತಾನೆ, ಅವನ ಆರ್ಕೇನ್ ಏಟು ಅನ್‌ಡೆಡ್‌ಗೆ ನಂಜು. ಹಾಗಾಗಿ ಸಾಯಲಿರುವ ಶತ್ರುವನ್ನು ಸಾಧ್ಯವಾದರೆ ಮೇಜ್‌ಗೆ ಬಿಡಿ.

ದಾಳಿ ಮಾಡುವ ಮೊದಲು ತೆರೆಯುವ ಕಿಟಕಿಯಲ್ಲಿ ಡ್ಯಾಮೇಜ್ ಲೆಕ್ಕ ನೋಡುವ ಬಟನ್ ಇದೆ. ಕೊಲ್ಲುವ ಸಾಧ್ಯತೆ, ಸಾಯುವ ಸಾಧ್ಯತೆ ಎರಡನ್ನೂ ಅದು ತೋರಿಸುತ್ತದೆ. ಮೊದಲ ದಾಳಿ ಪೂರ್ತಿ ತಪ್ಪಿದರೆ ಮುಂದೇನು ಅಂತ ಯೋಚಿಸಿಯೇ ಕೈ ಹಾಕಿ. ಮೊದಲೆರಡು ಏಟು ತಪ್ಪಿದಾಗ ಹಟಕ್ಕೆ ಬಿದ್ದು ಉಳಿದವರನ್ನೆಲ್ಲ ನುಗ್ಗಿಸುವುದರಿಂದಲೇ ಬಹಳ ಆಟ ಕೈತಪ್ಪುತ್ತವೆ. ಆಟ ಮುಗಿದ ಮೇಲೆ ಅದೃಷ್ಟ ಕೆಟ್ಟಿತ್ತು ಅನಿಸಿದರೆ ಸ್ಟ್ಯಾಟಿಸ್ಟಿಕ್ಸ್ ತೆರೆಯಿರಿ. ಬರಬೇಕಿದ್ದ ಏಟು ಎಷ್ಟು, ಬಂದಿದ್ದು ಎಷ್ಟು ಅಂತ ಅಲ್ಲಿ ಇರುತ್ತದೆ.

ಮುಂದಿದ್ದಾಗ, ಹಿಂದಿದ್ದಾಗ

ಹಳ್ಳಿ ನಿಮ್ಮ ಬಳಿ ಜಾಸ್ತಿ ಇದ್ದರೆ ಒಬ್ಬನಿಗೆ ಒಬ್ಬ ಸತ್ತರೂ ಲಾಭ ನಿಮ್ಮದೇ, ಒತ್ತಡ ಹಾಕುತ್ತಾ ಹೋಗಿ. ಹಿಂದಿದ್ದರೆ ಸಮಸಮ ಕಾದಾಟಕ್ಕೆ ಇಳಿಯಬೇಡಿ. ಒಳ್ಳೆ ಜಾಗದಲ್ಲಿ ನಿಂತು ಅವನೇ ಬಂದು ಹೊಡೆಯುವಂತೆ ಮಾಡಿ. ಜೊತೆಗೆ ಒಂದು ಕ್ಯಾವಲ್ರಿಯನ್ನು ಬದಿಯಿಂದ ಅವನ ಹಿಂದಿನ ಹಳ್ಳಿಗಳಿಗೆ ಕಳಿಸಿ. ಒಂದು ಹಳ್ಳಿ ಹೋದರೆ ಅವನಿಗೆ 2 ಗೋಲ್ಡ್ ಆದಾಯವೂ ಒಂದು ಲೆವೆಲ್‌ನ ಮಾಫಿಯೂ ಹೋಗುತ್ತದೆ. ಅದನ್ನು ಬಿಡಿಸಲು ಮುಂಚೂಣಿಯಿಂದ ಯಾರಾದರೂ ವಾಪಸ್ ಬರಲೇಬೇಕು.

ನಾಯಕ ಲೆವೆಲ್ 2 ಅಥವಾ 3ರ ಒಳ್ಳೆ ಯುನಿಟ್, ಸುಮ್ನೆ ಕೂರಿಸಬೇಡಿ. ಕೀಪ್ ಹತ್ತಿರದ ಕಾದಾಟದಲ್ಲಿ ಬಳಸಿ. ಆದರೆ ನಿಮ್ಮ ಕೆಟ್ಟ ಹೊತ್ತಿನಲ್ಲಿ ಅವನನ್ನು ಸಾಲಿನ ಮುಂದೆ ಬಿಟ್ಟರೆ ಆಟ ಅಲ್ಲಿಗೇ ಮುಗಿಯುತ್ತದೆ. ಸಾಮಾನ್ಯವಾಗಿ ನಾಯಕ ಸತ್ತರೆ ಸೋಲು.

ಇಬ್ಬಿಬ್ಬರ ಜೋಡಿ ಆಟ

ನಾಲ್ಕು ಜನ ಇದ್ದಾಗ ಜೋಡಿ ಆಟ ಬಲು ಚೆಂದ. ಒಬ್ಬರು ಹಗಲಿನ ಬಣ, ಇನ್ನೊಬ್ಬರು ರಾತ್ರಿಯ ಬಣ ತೆಗೆದುಕೊಳ್ಳಿ. ಲಾಯಲಿಸ್ಟ್ ಜೊತೆ ಅನ್‌ಡೆಡ್ ಇದ್ದರೆ ಹಗಲು ಒಬ್ಬರು ಮುಂದೆ, ಕತ್ತಲಾದ ಮೇಲೆ ಇನ್ನೊಬ್ಬರು ಮುಂದೆ. ರಿಕ್ರೂಟ್ ಮಾಡುವ ಮೊದಲು ಮಾತಾಡಿಕೊಳ್ಳಿ. ಇಬ್ಬರೂ ಮುಂದಿನ ಸಾಲಿನವರನ್ನೇ ತಂದರೆ ವಾಸಿ ಮಾಡುವವರು ಇರುವುದಿಲ್ಲ.

ಬೇರೆ ಆಟಕ್ಕೂ ಇದೇ ಕಣ್ಣು

ವಾರ್‌ಕ್ರಾಫ್ಟ್ 3 ಆಡುವವರಿಗೂ ಪಡೆಯ ಗಾತ್ರ ಒಂದು ತೀರ್ಮಾನವೇ. ಅದರ ಫ್ರೋಜನ್ ಥ್ರೋನ್ ವಿಸ್ತರಣೆಯಲ್ಲಿ ಫುಡ್ (ಪಡೆಯ ಗಾತ್ರದ ಲೆಕ್ಕ) 50 ದಾಟಿದರೆ ಗಣಿಯಿಂದ ಬರುವ ಗೋಲ್ಡ್ ನೂರಕ್ಕೆ 70ಕ್ಕೆ ಇಳಿಯುತ್ತದೆ, 80 ದಾಟಿದರೆ 40ಕ್ಕೆ. ಅಲ್ಲಿಯೂ ಎದುರಿನವನ ರಕ್ಷಾಕವಚದ ಬಗೆ ನೋಡಿ ನಿಮ್ಮ ಏಟಿನ ಬಗೆ ಆರಿಸಬೇಕು. ಟರ್ನ್ ಇಲ್ಲದ ಆಟ, ಆದ್ದರಿಂದ ಯೋಚಿಸಲು ಸಮಯ ಕಡಿಮೆ. ವೆಸ್ನಾತ್‌ನಲ್ಲಿ ಈ ಅಭ್ಯಾಸ ಕೂತರೆ ಅಲ್ಲಿ ಕೈ ತಾನಾಗಿ ಓಡುತ್ತದೆ.

ಆಟ ಮುಗಿದ ಮೇಲೆ

ರಿಪ್ಲೇ ಸೇವ್ ಮಾಡಿ. ಮರುದಿನ ಗಿರ್ಮಿಟ್, ಮಿರ್ಚಿ, ಚಹಾ ತರಿಸಿಕೊಂಡು ಎದುರಾಳಿಯ ಜೊತೆಗೇ ಕೂತು ನೋಡಿ. ಕಾದಾಟಗಳನ್ನು ಬೇಗ ಓಡಿಸಿ, ರಿಕ್ರೂಟ್ ಬಂದ ಕಡೆ ಮಾತ್ರ ನಿಲ್ಲಿಸಿ. "ಇದನ್ನ ಯಾಕ್ ತಂದಿ? ನನ್ನ ಕಡೆ ಏನ್ ಕಂಡಿತ್ತು ನಿನಗ?" ಅಂತ ಕೇಳಿ. ಅವನಿಗೆ ಏನೂ ಕಂಡಿರದಿದ್ದರೆ ನೀವು ಚೆನ್ನಾಗಿ ಮುಚ್ಚಿಟ್ಟಿದ್ದಿರಿ. ಕಂಡಿದ್ದರೆ ಯಾವ ಟರ್ನ್‌ನಲ್ಲಿ, ಯಾವ ಮನೆಯಿಂದ ಅಂತ ಹುಡುಕಿ. ಆಮೇಲೆ ಅದೇ ನಕ್ಷೆ ತೆಗೆದು ಬಣ ಅದಲುಬದಲು ಮಾಡಿಕೊಂಡು ಆಡಿ. ನಿಮ್ಮನ್ನು ಸೋಲಿಸಿದ ಪಡೆಯನ್ನು ಈಗ ನೀವು ನಡೆಸಿ, ನಿಮ್ಮದನ್ನು ಅವನು ನಡೆಸಲಿ. ಡಾರ್ಕ್ ಅಡೆಪ್ಟ್ ಇಟ್ಟುಕೊಂಡು ಹಾರ್ಸ್‌ಮನ್‌ನಿಂದ ಅವನನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಆಗ ತಿಳಿಯುತ್ತದೆ, ಹಾರ್ಸ್‌ಮನ್‌ನನ್ನು ಯಾವ ಹೊತ್ತಿಗೆ ಬಿಡಬೇಕು ಅಂತಲೂ.